ಮೆಷಿನ್ನಿನ ರೇಟು ಕೊನೆಗೆ ಕೇಳಿ: ಪರದೇಶದಲ್ಲಿ ಬಿಟ್‌ಕಾಯಿನ್ ಎಟಿಎಂ ಇಡೋದು ಯಾಕಿಷ್ಟು ಕಷ್ಟ

ಮೆಲ್ಬರ್ನ್‌ನಲ್ಲಿ ನನ್ನ ಗೆಳೆಯನೊಬ್ಬ ದಿನಸಿ ಅಂಗಡಿ ಇಟ್ಟಿದ್ದಾನೆ. ತೀರ್ಥಹಳ್ಳಿ ಕಡೆಯವನು. ಒಂದು ರಾತ್ರಿ ಫೋನ್ ಮಾಡಿ, "ಲೋ, ಅಂಗಡೀಲಿ ಒಂದು ಬಿಟ್‌ಕಾಯಿನ್ ಎಟಿಎಂ ಹಾಕೋಣ ಅಂತಿದೀನಿ ಕಣೋ, ಮೆಷಿನ್ ಎಷ್ಟಾಗತ್ತೆ ಸ್ವಲ್ಪ ನೋಡಿ ಹೇಳು" ಅಂದ. ಬಿಟ್‌ಕಾಯಿನ್ ಅಂದರೆ ಕಂಪ್ಯೂಟರಿನಲ್ಲಷ್ಟೇ ಇರೋ ಡಿಜಿಟಲ್ ಹಣ, ಕ್ರಿಪ್ಟೋ ಅನ್ನೋ ಜಾತಿಯದು; ಕ್ಯಾಶ್ ಹಾಕಿ ಅದನ್ನ ಕೊಳ್ಳೋ ಮೆಷಿನ್ ಇದು. ಅವನ ಅಂಗಡಿ ಎದುರಿನ ಪೆಟ್ರೋಲ್ ಬಂಕಿನಲ್ಲಿ ಒಂದಿದೆಯಂತೆ. ನೂರು ಡಾಲರ್ ಹಾಕಿದರೆ ಎಂಬತ್ತೈದು ಡಾಲರ್‌ನಷ್ಟು ಕಾಯಿನ್ ಬರುತ್ತದಂತೆ, ಉಳಿದ ಹದಿನೈದು ಮೆಷಿನ್ ಇಟ್ಟವನಿಗಂತೆ. "ಹತ್ತು ಕೆಜಿ ಅಕ್ಕಿ ಮಾರಿದ್ರೂ ನಂಗೆ ಎರಡು ಡಾಲರ್ ಉಳಿಯಲ್ಲ, ಇವನು ಸುಮ್ನೆ ಒಂದು ಡಬ್ಬ ಇಟ್ಟು ಹದಿನೈದು ಎಣಿಸ್ತಾನೆ" ಅನ್ನೋದು ಅವನ ಹೊಟ್ಟೆಯುರಿ.

ಹೊಟ್ಟೆಯುರಿ ನ್ಯಾಯವಾದದ್ದೇ. ಮೆಷಿನ್ನಿನ ರೇಟು ಕೂಡ ಹೇಳಿಬಿಡಬಹುದು, ಸಣ್ಣದಾದರೆ ಕೆಲವು ಸಾವಿರ ಡಾಲರ್, ಅಷ್ಟೇ. ಆದರೆ ಈ ವ್ಯವಹಾರದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಕಾಯಿನ್ ಕೊಂಡು ಮಾರೋ ಆನ್‌ಲೈನ್ ಎಕ್ಸ್‌ಚೇಂಜಿನಲ್ಲಿ ಶೇ 1ರ ಆಸುಪಾಸಿನ ಕಮಿಷನ್‌ಗೆ ಸಿಗೋ ವಸ್ತುವಿಗೆ ಶೇ 15 ಕೊಡೋ ಗಿರಾಕಿ ಯಾರು? ಈ ಒಂದು ಪ್ರಶ್ನೆ ಹಿಡಿದುಕೊಂಡು ಹೋದರೆ ಲೈಸೆನ್ಸು, ಬ್ಯಾಂಕು, ಪೊಲೀಸು ಎಲ್ಲ ಯಾಕೆ ಅಡ್ಡ ಬರುತ್ತಾರೆ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಮೊದಲು ಮೆಷಿನ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹೆಸರಿಗೆ ಎಟಿಎಂ ಅಂತಾರೆ, ಆದರೆ ನಮ್ಮ ಬ್ಯಾಂಕ್ ಎಟಿಎಂನಲ್ಲಿ ದುಡ್ಡು ಹೊರಗೆ ಬರುತ್ತದೆ, ಇದರಲ್ಲಿ ದುಡ್ಡು ಒಳಗೆ ಹೋಗುತ್ತದೆ. ಮೊಬೈಲ್ ನಂಬರ್ ಕೊಡಬೇಕು, ಒಟಿಪಿ ಹಾಕಬೇಕು, ಕೆಲವು ಕಡೆ ಡ್ರೈವಿಂಗ್ ಲೈಸೆನ್ಸೋ ಪಾಸ್‌ಪೋರ್ಟೋ ಸ್ಕ್ಯಾನ್ ಮಾಡಬೇಕು, ಆಮೇಲೆ ವಾಲೆಟ್‌ನ, ಅಂದರೆ ಕಾಯಿನ್ ಇಟ್ಟುಕೊಳ್ಳೋ ಡಿಜಿಟಲ್ ಪರ್ಸಿನ, ಕ್ಯೂಆರ್ ಕೋಡನ್ನು ಕ್ಯಾಮೆರಾಗೆ ತೋರಿಸಿ ನೋಟು ತುರುಕಬೇಕು. ನೋಟು ಎಣಿಕೆ ಆದಮೇಲೆ ಮೆಷಿನ್ ಇಟ್ಟವನ ವಾಲೆಟ್‌ನಿಂದ ಕಾಯಿನ್ ನಿಮ್ಮ ವಾಲೆಟ್‌ಗೆ ಹೋಗುತ್ತದೆ. ಡಬ್ಬದೊಳಗೆ ಬಿಟ್‌ಕಾಯಿನ್ ಅಂತ ಏನೂ ಇರೋದಿಲ್ಲ. ನೋಟು ಓದೋ ಯಂತ್ರ, ಒಂದು ಕಂಪ್ಯೂಟರು, ಕ್ಯಾಮೆರಾ, ಕೆಳಗೆ ಕ್ಯಾಶ್ ಪೆಟ್ಟಿಗೆ, ಇಷ್ಟೇ. ಎರಡೂ ಕಡೆ ಕೆಲಸ ಮಾಡೋ, ಅಂದರೆ ಕಾಯಿನ್ ಕೊಟ್ಟು ಕ್ಯಾಶ್ ಪಡೆಯೋ ಮೆಷಿನ್ನುಗಳೂ ಇವೆ. ಆದರೆ ಆಸ್ಟ್ರೇಲಿಯಾದ ಹಣಕಾಸು ಗುಪ್ತಚರ ಸಂಸ್ಥೆ ಆಸ್ಟ್ರಾಕ್ 2025ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿನ ವಹಿವಾಟಿನಲ್ಲಿ ಶೇ 99ರಷ್ಟು ಕ್ಯಾಶ್ ಹಾಕಿ ಕಾಯಿನ್ ಕೊಳ್ಳೋದೇ ಆಗಿತ್ತು. ಎಟಿಎಂ ಅನ್ನೋದಕ್ಕಿಂತ ಇದನ್ನ ಕಾಯಿನ್ ಮಾರೋ ಹುಂಡಿ ಅನ್ನೋದೇ ಸರಿ.

ಜನ ಬಳಸಿದ ಮೊದಲ ಮೆಷಿನ್ ಶುರುವಾದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ, 2013ರ ಅಕ್ಟೋಬರ್ 29ರಂದು, ವೇವ್ಸ್ ಅನ್ನೋ ಕಾಫಿ ಅಂಗಡಿಯೊಳಗೆ. ರೋಬೋಕಾಯಿನ್ ಕಂಪನಿಯ ಮೆಷಿನ್. ಅಂಗೈ ಸ್ಕ್ಯಾನ್ ಮಾಡಿ ಗಿರಾಕಿಯ ಗುರುತು ಹಿಡೀತಿತ್ತು. ಅಲ್ಲಿಂದ 2025ರ ಹೊತ್ತಿಗೆ ಜಗತ್ತಿನಾದ್ಯಂತ 38 ಸಾವಿರದ ಆಸುಪಾಸು ಆಗಿವೆ. ಅದರಲ್ಲಿ ಮುಕ್ಕಾಲು ಪಾಲು ಅಮೆರಿಕದಲ್ಲೇ ಇವೆ. ಕೆನಡಾ, ಆಸ್ಟ್ರೇಲಿಯಾ ಬಹಳ ಹಿಂದೆ. ಉಳಿದ ದೇಶಗಳಲ್ಲಿ ಹೆಚ್ಚೆಂದರೆ ಕೆಲವು ನೂರು, ಇಲ್ಲಾಂದ್ರೆ ಸೊನ್ನೆ. ಹೀಗೆ ಒಂದೇ ದೇಶದಲ್ಲಿ ಗುಡ್ಡೆ ಬಿದ್ದಿರೋದಕ್ಕೆ ಅಲ್ಲಿ ಕಾನೂನು ಇಲ್ಲ ಅನ್ನೋದು ಕಾರಣವಲ್ಲ. ಅಮೆರಿಕದಲ್ಲಿ ಕಾನೂನು ಮೆಷಿನ್ನಿಗಿಂತ ಮೊದಲೇ ಬಂದಿತ್ತು.

ವ್ಯಾಂಕೂವರ್‌ನ ಮೆಷಿನ್ ಶುರುವಾಗೋದಕ್ಕೆ ಏಳು ತಿಂಗಳ ಮುಂಚೆ, 2013ರ ಮಾರ್ಚ್‌ನಲ್ಲಿ, ಅಕ್ರಮ ಹಣದ ಮೇಲೆ ಕಣ್ಣಿಡೋ ಅಮೆರಿಕದ ಫಿನ್‌ಸೆನ್ ಇಲಾಖೆ ಒಂದು ಮಾತು ಸ್ಪಷ್ಟ ಮಾಡಿತ್ತು: ದುಡ್ಡು ತಗೊಂಡು ಕ್ರಿಪ್ಟೋ ಕೊಡೋ ವ್ಯಾಪಾರಿ ಹಣ ರವಾನೆ ಮಾಡೋನಿಗೆ ಸಮ. ವೆಸ್ಟರ್ನ್ ಯೂನಿಯನ್ ಯಾವ ಪಟ್ಟಿಯಲ್ಲಿದೆಯೋ ಅದೇ ಪಟ್ಟಿಗೆ ಇವನೂ ಸೇರಿದ. 2019ರ ಮೇನಲ್ಲಿ ಮೆಷಿನ್ನುಗಳ ಹೆಸರೆತ್ತಿಯೇ ಇದನ್ನ ಮತ್ತೆ ಹೇಳಿತು. ಹಾಗಾಗಿ ಕೇಂದ್ರದಲ್ಲಿ ನೋಂದಣಿ ಮಾಡಿಸಬೇಕು, ಒಬ್ಬ ಗಿರಾಕಿ ಒಂದೇ ದಿನದಲ್ಲಿ 10,000 ಡಾಲರ್‌ಗಿಂತ ಜಾಸ್ತಿ ಕ್ಯಾಶ್ ಹಾಕಿದರೆ ವರದಿ ಕೊಡಬೇಕು, ಅನುಮಾನ ಬಂದರೆ ಅದಕ್ಕೆ ಬೇರೆ ವರದಿ, ಇದನ್ನೆಲ್ಲ ನೋಡಿಕೊಳ್ಳೋಕೆ ಒಬ್ಬ ಜವಾಬ್ದಾರಿ ಅಧಿಕಾರಿ ಇರಬೇಕು.

ಇದು ಸುಲಭದ ಭಾಗ. ನೋಂದಣಿ ಅಂದರೆ ಒಂದು ಫಾರಂ. ನಿಜವಾದ ಬೆವರು ರಾಜ್ಯಗಳಲ್ಲಿ. ಮೊಂಟಾನಾ ಬಿಟ್ಟು ಉಳಿದ 49 ರಾಜ್ಯಗಳಲ್ಲಿ ಹಣ ರವಾನೆಗೆ ಅಂತ ಪ್ರತ್ಯೇಕ ಲೈಸೆನ್ಸ್ ಕಾನೂನುಗಳಿವೆ. ಒಂದು ರಾಜ್ಯ ಈ ಮೆಷಿನ್ನಿಗೂ ಅದು ಬೇಕು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ, ಮತ್ತೊಂದು ಕಾನೂನನ್ನೇ ತಿದ್ದುತ್ತಾ ಕೂತಿರುತ್ತದೆ. ಬೇಕು ಅಂದ ಕಡೆ ಮಾಲೀಕರ ಬೆರಳಚ್ಚು, ಆಡಿಟ್ ಆದ ಲೆಕ್ಕಪತ್ರ, ಇಂತಿಷ್ಟು ನಿವ್ವಳ ಆಸ್ತಿ, ಮೇಲೆ ಭದ್ರತಾ ಬಾಂಡು. ಹಾಸನದಲ್ಲಿ ಒಂದು ರೂಲು, ಗಡಿ ದಾಟಿ ಚಿಕ್ಕಮಗಳೂರಿಗೆ ಹೋದರೆ ಇನ್ನೊಂದು ರೂಲು ಅಂತಿದ್ದರೆ ಹೇಗಿರುತ್ತೆ, ಹಾಗೆ. ನ್ಯೂಯಾರ್ಕ್ ಅಂತೂ 2015ರಲ್ಲಿ ಬಿಟ್‌ಲೈಸೆನ್ಸ್ ಅಂತ ತನ್ನದೇ ಒಂದು ಲೈಸೆನ್ಸ್ ತಂದಿತು. ಅರ್ಜಿ ಶುಲ್ಕವೇ 5,000 ಡಾಲರ್. ಮೆಷಿನ್ ಇಡೋ ಕಂಪನಿಯೊಂದಕ್ಕೆ ಅದು ಮೊದಲ ಸಲ ಸಿಕ್ಕಿದ್ದು 2018ರ ನವೆಂಬರ್‌ನಲ್ಲಿ. ನಡುವೆ ಮೂರು ವರ್ಷ ಹೋಯಿತು.

ಇದೆಲ್ಲ ಬೇಡ, ಸುಮ್ನೆ ಇಟ್ಟುಬಿಡೋಣ ಅಂದುಕೊಂಡವರೂ ಇದ್ದಾರೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಮಾಜಿ ಬ್ಯಾಂಕ್ ನೌಕರ ಮಾಲ್, ಪೆಟ್ರೋಲ್ ಬಂಕುಗಳಲ್ಲಿ ಮೆಷಿನ್ ಇಟ್ಟು, ಶೇ 25ರವರೆಗೂ ಕಮಿಷನ್ ತಗೊಂಡು, ನೋಂದಣಿ ಇಲ್ಲದೆ ವ್ಯವಹಾರ ಮಾಡಿದ. ಬ್ಯಾಂಕಿನಲ್ಲಿದ್ದವನು, ನಿಯಮ ಗೊತ್ತಿರಲಿಲ್ಲ ಅನ್ನೋಕೂ ಬರಲಿಲ್ಲ. 2021ರಲ್ಲಿ ಎರಡು ವರ್ಷ ಜೈಲಾಯಿತು, ಹದಿನೇಳು ಮೆಷಿನ್ನುಗಳು ಸರ್ಕಾರದ ಪಾಲಾದವು. ಲೈಸೆನ್ಸ್ ಇಲ್ಲದೆ ಹಣ ರವಾನೆ ಮಾಡಿದರೆ ಅಲ್ಲಿ ಐದು ವರ್ಷದವರೆಗೂ ಶಿಕ್ಷೆ ಇದೆ. ತೆರಿಗೆ ಕಟ್ಟಿಲ್ಲ ಅಂತ ದಂಡ ಹಾಕಿ ಬಿಡೋ ವಿಷಯವಲ್ಲ ಇದು, ನೇರ ಕ್ರಿಮಿನಲ್ ಕೇಸು.

ಬ್ರಿಟನ್ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಕ್ರಿಪ್ಟೋ ಮೆಷಿನ್ ನಿಷೇಧ ಅಂತ ಯಾವ ಕಾನೂನೂ ಹೇಳಲಿಲ್ಲ. 2020ರ ಜನವರಿಯಿಂದ ಕ್ರಿಪ್ಟೋ ಕಂಪನಿಗಳೆಲ್ಲ ಎಫ್‌ಸಿಎ ಅನ್ನೋ ನಿಯಂತ್ರಕ ಸಂಸ್ಥೆಯಲ್ಲಿ ನೋಂದಣಿ ಮಾಡಿಸಬೇಕು ಅಂತಾಯಿತು, ಅಷ್ಟೇ. ಮೆಷಿನ್ ಇಡೋಕೆ ಅಂತ ಎಫ್‌ಸಿಎ ಯಾರಿಗೂ ಒಪ್ಪಿಗೆ ಕೊಡಲಿಲ್ಲ. 2022ರ ಮಾರ್ಚ್‌ನಲ್ಲಿ, ಇರೋ ಮೆಷಿನ್ನುಗಳನ್ನೆಲ್ಲ ಮುಚ್ಚಿ ಅಂತ ಎಚ್ಚರಿಕೆ ಹೊರಡಿಸಿತು. ನಮ್ಮ ತಾಲ್ಲೂಕು ಕಚೇರಿಯಲ್ಲಿ "ಆಗಲ್ಲ" ಅಂತ ಯಾರೂ ಹೇಳಲ್ಲ, ಆದರೆ ಫೈಲೂ ಮುಂದೆ ಹೋಗಲ್ಲ, ಅಲ್ವಾ? ಸುಮಾರು ಹಾಗೇ, ಆದರೆ ಅಲ್ಲಿ ಕಾರಣ ಬರೆದು ಕೊಟ್ಟು ತಿರಸ್ಕರಿಸುತ್ತಾರೆ. ಹಾಗೆ ತಿರಸ್ಕಾರವಾದ ಕಂಪನಿಯೊಂದು ಮೇಲ್ಮನವಿ ಹೋಗಿ ಸೋತಿತು. ಅದನ್ನ ನಡೆಸುತ್ತಿದ್ದವನು ಆಮೇಲೂ ನಿಲ್ಲಿಸಲಿಲ್ಲ. ಸುಳ್ಳು ಹೆಸರು, ಸುಳ್ಳು ದಾಖಲೆ ಇಟ್ಟುಕೊಂಡು 28 ಕಡೆ ಮೆಷಿನ್ ನಡೆಸಿದ, 26 ಲಕ್ಷ ಪೌಂಡ್ ವಹಿವಾಟು ಮಾಡಿದ. 2025ರ ಫೆಬ್ರವರಿಯಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆ ಆಯಿತು. ಆ ಮೆಷಿನ್ನುಗಳ ಕಮಿಷನ್ ಶೇ 30ರಿಂದ 60. ನೂರು ಪೌಂಡ್ ಹಾಕಿ ನಲವತ್ತು ಪೌಂಡಿನ ಕಾಯಿನ್ ತಗೊಂಡು ಹೋಗೋನು ಎಂಥ ಗಿರಾಕಿ ಇರಬಹುದು? ಹೂಡಿಕೆ ಮಾಡೋಕೆ ಬಂದವನಂತೂ ಅಲ್ಲ.

ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಸಿಂಗಪುರ 2022ರ ಜನವರಿಯಲ್ಲಿ, ಕ್ರಿಪ್ಟೋ ಸೇವೆಯನ್ನ ಸಾರ್ವಜನಿಕರಿಗೆ ಜಾಹೀರಾತು ಮಾಡಬಾರದು, ದಾರಿಯಲ್ಲಿ ಎಟಿಎಂ ಇಡೋದೂ ಜಾಹೀರಾತೇ ಅಂತ ಹೇಳಿತು. ಮೆಷಿನ್ನುಗಳು ದಿನಗಳಲ್ಲೇ ಬಂದಾದವು. ಜರ್ಮನಿಯಲ್ಲಿ ಬಾಫಿನ್ ಅನ್ನೋ ಹಣಕಾಸು ನಿಯಂತ್ರಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ 35 ಕಡೆ ದಾಳಿ ಮಾಡಿ ಅನುಮತಿ ಇಲ್ಲದ 13 ಮೆಷಿನ್ನುಗಳನ್ನ ಎತ್ತಿಕೊಂಡು ಹೋಯಿತು. ಒಳಗಿದ್ದ ಕ್ಯಾಶ್ ಸುಮಾರು ಎರಡೂವರೆ ಲಕ್ಷ ಯೂರೊ. ನ್ಯೂಜಿಲೆಂಡ್ ಸರ್ಕಾರ 2025ರ ಜುಲೈಯಲ್ಲಿ ಪೂರ್ತಿ ನಿಷೇಧವೇ ಮಾಡ್ತೀವಿ ಅಂತ ಘೋಷಿಸಿತು. ಸ್ವಿಟ್ಜರ್ಲೆಂಡ್ ಮಾತ್ರ ಇದಕ್ಕೆಲ್ಲ ತದ್ವಿರುದ್ಧ. ಅಲ್ಲಿನ ರೈಲ್ವೆ 2016ರ ನವೆಂಬರ್‌ನಲ್ಲಿ ತನ್ನ ಟಿಕೆಟ್ ಮೆಷಿನ್ನುಗಳಲ್ಲೇ ಬಿಟ್‌ಕಾಯಿನ್ ಮಾರೋಕೆ ಶುರು ಮಾಡಿತು, ಒಂದು ಸಲಕ್ಕೆ 20ರಿಂದ 500 ಫ್ರಾಂಕ್‌ವರೆಗೆ ಮಾತ್ರ. ಮೆಷಿನ್ ಮೊದಲೇ ಇತ್ತು, ಮೊತ್ತ ಸಣ್ಣದು, ಹೊಣೆ ಹೊರೋಕೆ ದೊಡ್ಡ ಸಂಸ್ಥೆ ಇತ್ತು.

ಸರ್ಕಾರವೇ ಮುಂದೆ ನಿಂತು ಮೆಷಿನ್ ಇಟ್ಟ ದೇಶವೂ ಇದೆ. ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಂದು ಬಿಟ್‌ಕಾಯಿನನ್ನ ಅಧಿಕೃತ ಹಣ ಅಂತ ಮಾಡಿ, ಚೀವೊ ಹೆಸರಲ್ಲಿ ದೇಶದೆಲ್ಲೆಡೆ 200 ಮೆಷಿನ್ ನಿಲ್ಲಿಸಿತು. ಅಮೆರಿಕದಲ್ಲಿ ದುಡಿಯೋರು ಮನೆಗೆ ಕಳಿಸೋ ದುಡ್ಡಿನ ಮೇಲೆ ಕಮಿಷನ್ ಉಳಿಸೋಣ ಅನ್ನೋದು ಲೆಕ್ಕ. ಒಂದೇ ವಾರದಲ್ಲಿ, ಸೆಪ್ಟೆಂಬರ್ 15ರಂದು, ರಾಜಧಾನಿಯಲ್ಲಿ ಪ್ರತಿಭಟನಾಕಾರರು ಒಂದು ಚೀವೊ ಮೆಷಿನ್ನಿನ ಗೂಡಿಗೆ ಬೆಂಕಿ ಹಚ್ಚಿದರು. ಕೊನೆಗೆ ಐಎಂಎಫ್ ಸಾಲದ ಷರತ್ತಿಗೆ ಒಪ್ಪಿ 2025ರ ಜನವರಿಯಲ್ಲಿ ಸರ್ಕಾರವೇ ಕಾನೂನು ತಿದ್ದಿ, ಅಂಗಡಿಯವರು ಬಿಟ್‌ಕಾಯಿನ್ ತಗೊಳ್ಳಲೇಬೇಕು ಅನ್ನೋ ಕಡ್ಡಾಯ ತೆಗೆಯಿತು.

ಸರಿ, ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಮುಂದಿನ ಗೋಡೆ ಬ್ಯಾಂಕು. ಪೆಟ್ಟಿಗೆ ತುಂಬಾ ಕ್ಯಾಶ್ ಬರುತ್ತದೆ, ಅದನ್ನ ಎಲ್ಲಾದರೂ ಕಟ್ಟಬೇಕಲ್ಲ? ದಿನಾ ಬೆಳಿಗ್ಗೆ ಯಾರೋ ಹಾಕಿದ ನೋಟುಗಳ ಕಂತೆ ತಂದು ಕಟ್ಟೋ ಖಾತೆ ಅಂದರೆ ಬ್ಯಾಂಕ್ ಮ್ಯಾನೇಜರ್‌ಗೆ ಎದೆ ಡವಡವ. ಈ ದುಡ್ಡು ಎಲ್ಲಿಂದ ಬಂತು ಅಂತ ಅವರ ಮೇಲಿನವರು ಕೇಳುತ್ತಾರೆ, ಅವರಿಗೆ ಉತ್ತರ ಗೊತ್ತಿರಲ್ಲ. ಈ ಒಂದು ಖಾತೆಯಿಂದ ಬರೋ ಲಾಭಕ್ಕಿಂತ ತಲೆನೋವೇ ಜಾಸ್ತಿ. ಹಾಗಾಗಿ ಎಷ್ಟೋ ಸಲ ಖಾತೆಯನ್ನೇ ಕೊಡಲ್ಲ, ಕೊಟ್ಟರೂ ಒಂದು ದಿನ ಪತ್ರ ಬರುತ್ತದೆ: ಮೂವತ್ತು ದಿನದಲ್ಲಿ ಖಾತೆ ಮುಚ್ಚುತ್ತೇವೆ, ದುಡ್ಡು ಬೇರೆ ಕಡೆ ತಗೊಂಡು ಹೋಗಿ. ಕಾರಣ ಹೇಳಲ್ಲ. ಸರ್ಕಾರದ ಲೈಸೆನ್ಸ್ ಗೋಡೆಗೆ ತೂಗುಹಾಕಿದ್ದರೂ ಅಷ್ಟೇ. ಮೆಷಿನ್ ಓಡುತ್ತಿರುತ್ತದೆ, ಕ್ಯಾಶ್ ಪೆಟ್ಟಿಗೆ ತುಂಬುತ್ತಿರುತ್ತದೆ, ಆದರೆ ಆ ಕ್ಯಾಶಿನಿಂದ ಮತ್ತೆ ಕಾಯಿನ್ ಕೊಳ್ಳೋ ದಾರಿ ಕಟ್ಟಾಗಿರುತ್ತದೆ. ಎರಡು ವಾರದಲ್ಲಿ ವಾಲೆಟ್ ಖಾಲಿ.

ಈಗ ನನ್ನ ಗೆಳೆಯನ ಹದಿನೈದು ಡಾಲರ್ ಲೆಕ್ಕಕ್ಕೆ ಬರೋಣ. ನಾನೇ ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಒಂದು ಮೆಷಿನ್ನಿಗೆ ದಿನಕ್ಕೆ 500 ಡಾಲರ್ ಬೀಳುತ್ತದೆ ಅಂದುಕೊಳ್ಳಿ. ತಿಂಗಳಿಗೆ 15,000. ಶೇ 15 ಕಮಿಷನ್ ಅಂದರೆ 2,250. ಕೇಳೋಕೆ ಚೆನ್ನಾಗಿದೆ. ಇದರಲ್ಲಿ ಅಂಗಡಿ ಮೂಲೆಗೆ ಬಾಡಿಗೆ, ಕ್ಯಾಶ್ ಎತ್ತೋ ಗಾಡಿಯವರಿಗೆ, ಸಾಫ್ಟ್‌ವೇರ್ ಕಂಪನಿಗೆ ಅದರ ಪಾಲು, ವಿಮೆ, ಎಕ್ಸ್‌ಚೇಂಜಿನ ಕಮಿಷನ್, ಖೋಟಾ ನೋಟಿನ ನಷ್ಟ ಎಲ್ಲ ಹೋಗಬೇಕು. ಇಷ್ಟಾದ ಮೇಲೆ ಕಾನೂನು ಕೇಳೋ ಆ ಜವಾಬ್ದಾರಿ ಅಧಿಕಾರಿ, ವರದಿ ಬರೆಯೋ ಕೆಲಸ, ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ. ಆ ದೇಶಗಳಲ್ಲಿ ಒಬ್ಬನ ಸಂಬಳಕ್ಕೇ ಈ 2,250 ಸಾಲಲ್ಲ. ಅಂದರೆ ಕಾನೂನು ಪ್ರಕಾರ ಒಂದೇ ಮೆಷಿನ್ ಇಟ್ಟುಕೊಂಡು ಬದುಕೋಕೆ ಆಗಲ್ಲ. ಐವತ್ತೋ ನೂರೋ ಇಟ್ಟರೆ ಮಾತ್ರ ಆ ಖರ್ಚು ಹಂಚಿ ಹೋಗುತ್ತದೆ.

ನೂರು ಇಡೋಣ ಅಂದರೆ ಬಂಡವಾಳದ ಪ್ರಶ್ನೆ ಬರುತ್ತದೆ. ಗಿರಾಕಿ ನೋಟು ಹಾಕಿದ ಕ್ಷಣದಲ್ಲೇ ಅವನಿಗೆ ಕಾಯಿನ್ ಕೊಟ್ಟಾಗಿರುತ್ತದೆ. ಆದರೆ ಆ ನೋಟು ನಿಮ್ಮ ಕೈಗೆ ಬರೋದು ಯಾವಾಗ? ಗಾಡಿ ವಾರಕ್ಕೊಮ್ಮೆ ಬರುತ್ತದೆ, ಎಣಿಸಿ ಖಾತೆಗೆ ಜಮಾ ಆಗೋಕೆ ಒಂದೆರಡು ದಿನ, ಅಲ್ಲಿಂದ ಎಕ್ಸ್‌ಚೇಂಜ್‌ಗೆ ಕಳಿಸೋಕೆ ಇನ್ನೊಂದು ದಿನ. ಹತ್ತು ದಿನ ಅಂತ ಇಟ್ಟುಕೊಂಡರೆ, ದಿನಕ್ಕೆ 500ರಂತೆ ನೂರು ಮೆಷಿನ್ನಿಗೆ 5 ಲಕ್ಷ ಡಾಲರ್ ಯಾವಾಗಲೂ ದಾರಿಯಲ್ಲೇ ಇರುತ್ತದೆ. ಆ ಹತ್ತು ದಿನದಲ್ಲಿ ಬಿಟ್‌ಕಾಯಿನ್ ರೇಟು ಶೇ 15 ಏರಿದರೆ, ತಗೊಂಡ ಕಮಿಷನ್ನಿನ ಬಹುಪಾಲು ಅಲ್ಲೇ ಕರಗಿತು. ಹಾಗಾಗಬಾರದು ಅಂದರೆ ಮಾರಿದ ಕ್ಷಣವೇ ಮತ್ತೆ ಕೊಂಡಿಡಬೇಕು, ಅದಕ್ಕೆ ಎಕ್ಸ್‌ಚೇಂಜಿನಲ್ಲೂ ಬೇರೆ ದುಡ್ಡು ಇಟ್ಟಿರಬೇಕು. ಕಾಸು ಕಾಸಿಗೆ ಕಮಿಷನ್, ಲಕ್ಷ ಲಕ್ಷದಲ್ಲಿ ಬಂಡವಾಳ.

ದೊಡ್ಡವರ ಲೆಕ್ಕ ಹೇಗಿದೆ ಅಂತ ನೋಡೋಕೆ ಬಿಟ್‌ಕಾಯಿನ್ ಡಿಪೊ ಇದೆ. ಅಟ್ಲಾಂಟಾದ ಕಂಪನಿ, ಆಗ ಅಮೆರಿಕದ ಅತಿ ದೊಡ್ಡ ಮೆಷಿನ್ ಜಾಲ, 2023ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಆ ವರ್ಷ ಅದರ ಆದಾಯ ಸುಮಾರು 69 ಕೋಟಿ ಡಾಲರ್, ಕೊನೆಗೆ ಉಳಿದ ಲಾಭ ಅದರ ಶೇ 1 ಕೂಡ ಅಲ್ಲ. ಆದಾಯ ಅಂದರೆ ಮಾರಿದ ಕಾಯಿನ್ನಿನ ಪೂರ್ತಿ ಬೆಲೆ ಸೇರಿಸಿ ಬರೆಯೋ ಲೆಕ್ಕ, ಅದು ಬೇರೆ ಮಾತು. ಮಾರನೇ ವರ್ಷ ಆದಾಯ 57 ಕೋಟಿಯ ಆಸುಪಾಸಿಗೆ ಇಳಿಯಿತು. ಕ್ಯಾಲಿಫೋರ್ನಿಯಾದ ಹೊಸ ಕಾನೂನು ಅದಕ್ಕೊಂದು ಮುಖ್ಯ ಕಾರಣ ಅಂತ ಕಂಪನಿಯೇ ಹೇಳಿತು.

ಆ ಕಾನೂನು ಮಾಡಿದ್ದಾದರೂ ಏನು? 2024ರ ಜನವರಿಯಿಂದ ಒಬ್ಬ ಗಿರಾಕಿ ದಿನಕ್ಕೆ 1,000 ಡಾಲರ್‌ಗಿಂತ ಜಾಸ್ತಿ ಹಾಕೋ ಹಾಗಿಲ್ಲ ಅಂದಿತು. 2025ರಿಂದ ಕಮಿಷನ್ 5 ಡಾಲರ್ ಅಥವಾ ಶೇ 15, ಯಾವುದು ಜಾಸ್ತಿಯೋ ಅದಕ್ಕಿಂತ ಮೀರೋ ಹಾಗಿಲ್ಲ ಅಂದಿತು. ಮೆಷಿನ್ ಮುಚ್ಚಿ ಅನ್ನಲಿಲ್ಲ. ಸುಮ್ನೆ ಮಿತಿ ಹಾಕಿತು, ಆದಾಯ ಬಿತ್ತು. ಅಂದರೆ ಲಾಭ ಬರುತ್ತಿದ್ದದ್ದು ಐವತ್ತು ನೂರು ಡಾಲರ್ ಹಾಕಿ ಬಿಟ್‌ಕಾಯಿನ್ ಅಂದ್ರೇನು ಅಂತ ನೋಡೋ ಹುಡುಗರಿಂದಲ್ಲ. ಒಂದೇ ಸಲಕ್ಕೆ ಸಾವಿರಾರು ಡಾಲರ್ ತುರುಕೋರಿಂದ.

ಆ ಗಿರಾಕಿಗಳಲ್ಲಿ ಕ್ಯಾಶ್ ಕೂಲಿ ದುಡಿಯೋರು, ಬ್ಯಾಂಕ್ ಖಾತೆ ಇಲ್ಲದವರು, ಹೆಸರು ಗೊತ್ತಾಗಬಾರದು ಅನ್ನೋರು, ಎಲ್ಲರೂ ಇದ್ದಾರೆ. ಆದರೆ ಅಧಿಕಾರಿಗಳ ಕಣ್ಣಿಗೆ ಬಿದ್ದಿರೋದು ವಯಸ್ಸಾದವರು. ಫೋನ್ ಬರುತ್ತದೆ, ಬ್ಯಾಂಕಿನಿಂದಲೋ ಪೊಲೀಸಿನಿಂದಲೋ ಅಂತ ಹೇಳುತ್ತಾರೆ, ನಿಮ್ಮ ಖಾತೆ ಹ್ಯಾಕ್ ಆಗಿದೆ, ದುಡ್ಡೆಲ್ಲ ತೆಗೆದು ಈ "ಸೇಫ್ ಲಾಕರ್"ಗೆ ಹಾಕಿ ಅಂತ ಮೊಬೈಲ್‌ಗೆ ಕ್ಯೂಆರ್ ಕೋಡ್ ಕಳಿಸುತ್ತಾರೆ. ನಮ್ಮಲ್ಲಿ ಡಿಜಿಟಲ್ ಅರೆಸ್ಟ್ ಅಂತ ಬೆಂಗಳೂರಿನ ನಿವೃತ್ತ ಅಧಿಕಾರಿಗಳನ್ನ ಕೂರಿಸಿ ಆರ್‌ಟಿಜಿಎಸ್ ಮಾಡಿಸುತ್ತಾರಲ್ಲ, ಅದೇ ನಾಟಕ. ಅಲ್ಲಿ ಕೊನೆಯ ದೃಶ್ಯ ಪೆಟ್ರೋಲ್ ಬಂಕಿನ ಮೆಷಿನ್ ಮುಂದೆ ನಡೆಯುತ್ತದೆ. ಬ್ಯಾಂಕಿನಲ್ಲಾದರೆ ಕೌಂಟರಿನ ಹುಡುಗಿ "ಅಜ್ಜಿ, ಯಾಕೆ ಇಷ್ಟೊಂದು?" ಅಂತ ಕೇಳಬಹುದು. ಮೆಷಿನ್ ಕೇಳಲ್ಲ. ಹೋದ ಕಾಯಿನ್ ವಾಪಸ್ ಬರಲ್ಲ.

ಅಮೆರಿಕದ ಗ್ರಾಹಕ ಸಂರಕ್ಷಣೆ ನೋಡಿಕೊಳ್ಳೋ ಎಫ್‌ಟಿಸಿ ಲೆಕ್ಕದಲ್ಲಿ, 2023ರಲ್ಲಿ ಈ ಮೆಷಿನ್ನುಗಳ ಮೂಲಕ ಜನ ಕಳೆದುಕೊಂಡದ್ದು 11 ಕೋಟಿ ಡಾಲರ್‌ಗೂ ಜಾಸ್ತಿ. ಮೂರು ವರ್ಷದಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು. 60 ದಾಟಿದವರು ಮೋಸ ಹೋಗೋ ಸಾಧ್ಯತೆ ಚಿಕ್ಕವರಿಗಿಂತ ಮೂರು ಪಟ್ಟಿಗೂ ಮೀರಿ. ಎಫ್‌ಬಿಐಗೆ 2024ರಲ್ಲಿ ಬಂದ ದೂರುಗಳ ಮೊತ್ತ ಸುಮಾರು 24.7 ಕೋಟಿ ಡಾಲರ್. ಇವೆಲ್ಲ ದೂರು ಕೊಟ್ಟವರ ಲೆಕ್ಕ ಮಾತ್ರ. ಮಕ್ಕಳಿಗೆ ಗೊತ್ತಾದರೆ ಬೈತಾರೆ ಅಂತ ಬಾಯಿ ಮುಚ್ಚಿಕೊಂಡವರು ಇದರಲ್ಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಡಿಸಿಯ ಅಟಾರ್ನಿ ಜನರಲ್, ಅಥೀನಾ ಬಿಟ್‌ಕಾಯಿನ್ ಅನ್ನೋ ಕಂಪನಿ ಮೇಲೆ ಕೇಸು ಹಾಕಿದರು. ಎಲ್ ಸಾಲ್ವಡಾರ್‌ನಲ್ಲಿ ಚೀವೊ ಮೆಷಿನ್ ನಿಲ್ಲಿಸಿದ್ದು ಇದೇ ಕಂಪನಿ. ಡಿಸಿಯಲ್ಲಿ ಮೊದಲ ಐದು ತಿಂಗಳಲ್ಲಿ ಮೆಷಿನ್ನಿಗೆ ಬಿದ್ದ ದುಡ್ಡಿನಲ್ಲಿ ಶೇ 93 ಮೋಸದ್ದು ಅನ್ನೋದು ಆರೋಪ. ಆರೋಪ ಅಷ್ಟೇ, ತೀರ್ಪಲ್ಲ. ಆದರೆ ಅದರ ಅರ್ಧ ನಿಜವಾದರೂ ಈ ವ್ಯಾಪಾರದ ಅಡಿಪಾಯ ಯಾವುದರ ಮೇಲಿದೆ ಅಂತ ಯೋಚನೆ ಮಾಡಬೇಕಾಗುತ್ತದೆ.

ಇಲ್ಲಿಗೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಶೇ 15 ಕೊಡೋ ಗಿರಾಕಿ ಯಾರೋ, ಕಾನೂನು ಹುಡುಕುತ್ತಿರೋದೂ ಅವನನ್ನೇ, ಕೆಲವು ಸಲ ಅವನನ್ನ ಕಾಪಾಡೋಕೆ, ಕೆಲವು ಸಲ ಹಿಡಿಯೋಕೆ. ಕೆವೈಸಿ ಬಿಗಿ ಮಾಡಿದಷ್ಟೂ, ಮಿತಿ ಇಳಿಸಿದಷ್ಟೂ ಮೆಷಿನ್ ಕಾನೂನುಬದ್ಧವಾಗುತ್ತದೆ, ಅಷ್ಟೇ ಮಟ್ಟಿಗೆ ಲಾಭ ಕಡಿಮೆಯಾಗುತ್ತದೆ. ಇದು ಕಡತದ ಕಿರಿಕಿರಿ ಅಲ್ಲ, ಒಳ್ಳೆ ವಕೀಲ ಇಟ್ಟುಕೊಂಡರೆ ಸರಿಹೋಗೋದೂ ಅಲ್ಲ.

ಇನ್ನೊಂದು ವಿಚಿತ್ರ ಜಗಳ ಇದೆ, ಹೇಳದೇ ಇರೋಕಾಗಲ್ಲ. ಮೋಸ ಹೋದ ಅಜ್ಜಿ ಅರ್ಧ ಗಂಟೆಯಲ್ಲಿ ಪೊಲೀಸಿಗೆ ಹೇಳಿದರು ಅಂತ ಇಟ್ಟುಕೊಳ್ಳಿ. ನೋಟು ಇನ್ನೂ ಪೆಟ್ಟಿಗೆಯೊಳಗೇ ಇದೆ. ಅದು ಯಾರದು? ಅಜ್ಜಿಯದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಮೆಷಿನ್ ಕಂಪನಿ, ನಾವು ಕಾಯಿನ್ ಕೊಟ್ಟಾಗಿದೆ, ನೋಟು ನಮ್ಮದು ಅನ್ನುತ್ತದೆ. ಅಯೋವಾ ರಾಜ್ಯದಲ್ಲಿ ಪೊಲೀಸರು ಹೀಗೆ ಮೆಷಿನ್ನಿಂದ ತೆಗೆದ ಕ್ಯಾಶಿನ ಕೇಸು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2025ರಲ್ಲಿ ಕೋರ್ಟು ಕಂಪನಿಗಳ ಪರವಾಗಿ ಹೇಳಿತು. ಕಾನೂನಿನ ತರ್ಕ ಸರಿಯಿರಬಹುದು. ಆದರೆ ಇಂಥ ಕೇಸು ಗೆದ್ದ ಪ್ರತಿ ಸಲವೂ ಇನ್ನಷ್ಟು ಊರುಗಳು ನಮ್ಮಲ್ಲಿ ಈ ಮೆಷಿನ್ನೇ ಬೇಡ ಅನ್ನೋ ಕಡೆಗೆ ವಾಲುತ್ತವೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರ 2025ರ ಜೂನ್‌ನಲ್ಲಿ ಊರಿಗೇ ನಿಷೇಧ ಹಾಕಿತು.

ಹ್ಯಾಕಿಂಗ್ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಮೆಷಿನ್ ನಿಮ್ಮದಾದರೂ ಸಾಫ್ಟ್‌ವೇರ್ ಬೇರೆಯವರದು. ಪ್ರಾಗ್‌ನ ಜನರಲ್ ಬೈಟ್ಸ್ ಈ ಮೆಷಿನ್ ತಯಾರಿಸೋ ದೊಡ್ಡ ಕಂಪನಿಗಳಲ್ಲಿ ಒಂದು. 2023ರ ಮಾರ್ಚ್‌ನಲ್ಲಿ, ವಿಡಿಯೊ ಅಪ್‌ಲೋಡ್ ಮಾಡೋಕೆ ಇದ್ದ ಒಂದು ಕಿಂಡಿಯಿಂದ ಕಳ್ಳರು ಒಳಗೆ ನುಗ್ಗಿ, ಮೆಷಿನ್ ಇಟ್ಟವರ ವಾಲೆಟ್‌ಗಳಿಂದ 56 ಬಿಟ್‌ಕಾಯಿನ್ ದೋಚಿದರು. ಬಾಗಿಲಿಗೆ ಬೀಗ ಹಾಕಿದ್ದು ಸರಿ, ಬಾಗಿಲು ಮಾಡಿದ ಬಡಗಿಯ ಹತ್ತಿರ ಇನ್ನೊಂದು ಕೀ ಇತ್ತು ಅನ್ನೋ ಕಥೆ.

ನಮ್ಮ ಊರಿಗೂ ಇದರ ಬಿಸಿ ತಾಗಿದೆ. 2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಯುನೊಕಾಯಿನ್ ಕಂಪನಿ ಒಂದು ಮೆಷಿನ್ ನಿಲ್ಲಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂದಿತ್ತು. ಬ್ಯಾಂಕಿನ ದಾರಿ ಮುಚ್ಚಿದ್ದಕ್ಕೆ ಕ್ಯಾಶಿನ ದಾರಿ ಹುಡುಕಿದರು. ಕೆಲವೇ ದಿನದಲ್ಲಿ ಪೊಲೀಸರು ಮೆಷಿನ್ ಎತ್ತಿಕೊಂಡು ಹೋದರು, ಕಂಪನಿಯ ಇಬ್ಬರು ಸ್ಥಾಪಕರನ್ನ ಬಂಧಿಸಿದರು. ಅನುಮತಿ ಇಲ್ಲ ಅನ್ನೋದು ಪೊಲೀಸರ ಮಾತು. ಯಾರ ಅನುಮತಿ ತಗೊಳ್ಳಬೇಕಿತ್ತು ಅನ್ನೋದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಅನುಮತಿ ಕೊಡೋ ಕಚೇರಿಯೇ ಇರಲಿಲ್ಲ! 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನ ರದ್ದು ಮಾಡಿತು.

ಪರದೇಶದಲ್ಲಿ ಇಡೋಣ, ಬಂಡವಾಳ ಊರಿಂದ ಕಳಿಸೋಣ ಅನ್ನೋರಿಗೂ ಒಂದು ಮಾತು. ಇಲ್ಲಿರೋರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು ನಿಜ. ಹಾಗೆ ಕಳಿಸೋವಾಗ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ 20 ಟಿಸಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳೋ ತೆರಿಗೆ, ಹಿಡಿಯುತ್ತಾರೆ, ಆಮೇಲೆ ತೆರಿಗೆ ಲೆಕ್ಕದಲ್ಲಿ ಸರಿಹೊಂದಿಸಿಕೊಳ್ಳಬೇಕು. ಅದು ಹೋಗಲಿ. 2022ರ ಆಗಸ್ಟ್‌ನ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ, ಹಣಕಾಸು ಸೇವೆ ಕೊಡೋ ಹೊರದೇಶದ ಕಂಪನಿಯಲ್ಲಿ ಇಲ್ಲಿನ ವ್ಯಕ್ತಿಗಳು ನೇರ ಹೂಡಿಕೆ ಮಾಡೋದಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ಬಿಟ್‌ಕಾಯಿನ್ ಮೆಷಿನ್ ಹಣಕಾಸು ಸೇವೆಯೋ ಅಲ್ಲವೋ ಅಂತ ವಕೀಲರು ವಾದ ಮಾಡಬಹುದು, ನಮ್ಮಲ್ಲಿ ಕ್ರಿಪ್ಟೋಗೆ ಪೂರ್ತಿ ನಿಯಂತ್ರಕರೇ ಇಲ್ಲವಲ್ಲ ಅಂತ. ಆದರೆ ಆ ವಾದವನ್ನ ತೀರ್ಥಹಳ್ಳಿಯ ಬ್ಯಾಂಕ್ ಶಾಖೆಯ ಕೌಂಟರಿನಲ್ಲಿ ನಿಂತು ಗೆಲ್ಲೋಕೆ ಆಗುತ್ತಾ?

ಇಷ್ಟೂ ಹೇಳಿದ ಮೇಲೆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೋಗ್ಲಿ ಬಿಡು, ಮೆಷಿನ್ ಬೇರೆಯವರೇ ಇಡ್ಲಿ, ನಾನು ಮೂಲೆ ಬಾಡಿಗೆಗೆ ಕೊಡ್ತೀನಿ. ಅದರಲ್ಲಿ ಏನು ತಕರಾರು?" ಅಂದ. ಇದು ಬುದ್ಧಿವಂತ ಪ್ರಶ್ನೆ. ಲೈಸೆನ್ಸು, ಬಂಡವಾಳ ಎರಡೂ ಅವನ ತಲೆಮೇಲೆ ಬರಲ್ಲ. ಆಸ್ಟ್ರೇಲಿಯಾದಲ್ಲಿ 2019ರಲ್ಲಿ 23 ಇದ್ದ ಮೆಷಿನ್ನುಗಳು 2025ರಲ್ಲಿ 1,800 ಆಗೋಕೆ ಇಂಥ ಅಂಗಡಿ ಮೂಲೆಗಳೇ ಕಾರಣ. ಆದರೆ ಅಲ್ಲೂ ಗಾಳಿ ತಿರುಗಿದೆ. 2025ರ ಜೂನ್‌ನಲ್ಲಿ ಆಸ್ಟ್ರಾಕ್ ಕ್ಯಾಶಿಗೆ 5,000 ಆಸ್ಟ್ರೇಲಿಯನ್ ಡಾಲರ್ ಮಿತಿ ಹಾಕಿತು, ಮೋಸದ ಎಚ್ಚರಿಕೆ ತೋರಿಸಲೇಬೇಕು ಅಂದಿತು, ಒಂದು ಕಂಪನಿಯ ನೋಂದಣಿ ನವೀಕರಣವನ್ನೇ ನಿರಾಕರಿಸಿತು. ವಹಿವಾಟಿನ ಮೊತ್ತದಲ್ಲಿ ಶೇ 72 ಬರೋದು 50 ದಾಟಿದವರಿಂದ ಅಂತ ಅದು ಕಂಡುಕೊಂಡಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಬೇಕಾದರೆ ಮೆಷಿನ್ನುಗಳನ್ನೇ ನಿಷೇಧಿಸೋ ಅಧಿಕಾರ ಆಸ್ಟ್ರಾಕ್‌ಗೆ ಕೊಡ್ತೀವಿ ಅಂತ ಅಲ್ಲಿನ ಗೃಹ ಸಚಿವರು ಹೇಳಿದರು.

"ಕರಾರು ಎಷ್ಟು ವರ್ಷದ್ದು ಅಂತ ಕೇಳು" ಅಂದೆ. "ಮಧ್ಯದಲ್ಲಿ ಮೆಷಿನ್ ಬಂದಾದ್ರೆ ಅದನ್ನ ಎತ್ತಿಕೊಂಡು ಹೋಗೋ ಖರ್ಚು ಯಾರದು ಅಂತ ಬರೆಸಿಕೋ. ಯಾರಾದರೂ ವಯಸ್ಸಾದವರು ಫೋನ್ ಕಿವಿಗೆ ಇಟ್ಟುಕೊಂಡು ನೋಟು ತುರುಕ್ತಾ ಇದ್ರೆ ಹೋಗಿ ಮಾತಾಡಿಸೋಕೆ ನಿನ್ನ ಹುಡುಗರಿಗೆ ಹೇಳಿರು."

"ಮಾತಾಡಿಸಿದ್ರೆ ಬಾಡಿಗೆ ಕೊಡೋನು ಬೇಜಾರು ಮಾಡ್ಕೊಳಲ್ವಾ?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮೂಲೆಯಲ್ಲಿ ಈಗ ದೋಸೆ ಹಿಟ್ಟಿನ ಫ್ರಿಜ್ ಇದೆಯಂತೆ.